ದೇವರ ಕಂಬಳಿಯ ಲಾಳಿ

ಆಸೆಗೆ ಕಣ್ಣಿಲ್ಲ ಅನ್ನುತ್ತಾರೆ. ಹೊಗಳಿಸಿಕೊಳ್ಳುವ ಆಸೆಗಂತೂ ಕಿವಿಯೂ ಇಲ್ಲ. ಇಲ್ಲದಿದ್ದರೆ ಹುನಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ರಂಗವ್ವ, ಅಪ್ಪ ಹುಲ್ಲಪ್ಪನ ಮಗ್ಗದ ಲಾಳಿಯನ್ನು ಹೇಳದೆ ಕೇಳದೆ ಚೀಲಕ್ಕೆ ಹಾಕಿಕೊಂಡು ಅಮೀನಗಡದಲ್ಲಿ ಬಸ್ ಹತ್ತುತ್ತಿದ್ದಳೇ?

ಮಗ್ಗದ ಮೇಲಿದ್ದದ್ದು ಬೀರಪ್ಪನಿಗೆ ಹರಕೆ ಹೊತ್ತ ಕಂಬಳಿ. ಅಮಾವಾಸ್ಯೆಗೆ ಗುಡಿ ಮುಟ್ಟಬೇಕಿತ್ತು. ಅದು ಮುಗಿಯುವ ತನಕ ಲಾಳಿ ಹೊಸ್ತಿಲು ದಾಟಬಾರದು, ನೇಯುವವನ ಬಾಯಲ್ಲಿ ಸುಳ್ಳು ಬರಬಾರದು. ಇದು ಆ ಮನೆಯ ನೇಮ. ಹುಲ್ಲಪ್ಪ ಒಪ್ಪೊತ್ತು ಉಂಡು ನೇಯುತ್ತಿದ್ದ. ರಂಗವ್ವನಿಗೆ ಎಲ್ಲ ಗೊತ್ತಿತ್ತು. ಆದರೆ ಅಂದು ಇನ್‌ಸ್ಪೆಕ್ಟರ್ ಸಾಹೇಬರು ಪಾಠ ನೋಡಲು ಬರುವವರಿದ್ದರು. ಕುರಿ ಕಾಯಲು ಹೋದ ಅಪ್ಪ ಸಂಜೆಗೇ ಬರುವುದು, ಅಷ್ಟರಲ್ಲಿ ತಂದಿಟ್ಟರಾಯಿತು ಎಂದುಕೊಂಡಳು.

ಪಾಠವೇನೋ ಜೋರಾಗಿಯೇ ನಡೆಯಿತು. ಬೋರ್ಡಿನ ಮೇಲೆ ‘ಶಟಲ್’ ಎಂದು ಬರೆದು ಲಾಳಿ ಎತ್ತಿ ತೋರಿಸಿದಳು. ಈ ಶಬ್ದ ‘ಶೂಟ್’ ಎಂಬುದರ ಬಳಗದ್ದು, ಹಿಂದೆ ಇದಕ್ಕೆ ಬಾಣ ಎಂಬ ಅರ್ಥವಿತ್ತು, ಎಳೆಗಳ ನಡುವೆ ಬಾಣದ ಹಾಗೆ ಓಡುತ್ತದೆಂದು ನೇಕಾರರ ಲಾಳಿಗೂ ಅದೇ ಹೆಸರು ಬಂತು, ಅತ್ತಿಂದಿತ್ತ ಹೋಗಿಬರುವ ಗಾಡಿಗೂ, ಆಗಷ್ಟೇ ರೇಡಿಯೋದಲ್ಲಿ ಸುದ್ದಿಯಾಗಿದ್ದ, ಆಕಾಶಕ್ಕೆ ಹೋಗಿ ಮರಳುವ ವಿಮಾನಕ್ಕೂ ಅದೇ ಹೆಸರು ಎಂದು ಬಿಡಿಸಿ ಹೇಳಿದಳು.

“ಭಾಳ ಛಲೋ ಹೇಳಿದ್ರಿ ಅಕ್ಕೋರ!” ಅಂದರು ಸಾಹೇಬರು. ರಂಗವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮನೆಗೆ ಬಂದರೆ ಅಂಗಳದ ತುಂಬ ಮಂದಿ. ಕುರಿಯೊಂದು ಕುಂಟಿತೆಂದು ಅಪ್ಪ ಮಧ್ಯಾಹ್ನವೇ ಬಂದುಬಿಟ್ಟಿದ್ದ.

“ಮುಂಜಾನಿ ಮಜ್ಜಿಗಿಗೆ ಅಂತ ಒಳಗ ಬಂದಾಕಿ ಕಾಸಿಂಬಿ ಒಬ್ಬಾಕೀನ. ಲಾಳಿಗೇನ ಕಾಲ ಬಂದಾವೇನ?” ಪಕ್ಕದ ಮನೆಯ ದುರಗವ್ವ ಕೈ ತಿರುವುತ್ತಿದ್ದಳು.

“ಯಣ್ಣಾ, ನಿಮ್ಮ ಬೀರಪ್ಪನ ಆಣಿ, ನಮ್ಮ ಅಲ್ಲಾನ ಆಣಿ, ನಾ ಮುಟ್ಟಿಲ್ಲೋ!” ಕಾಸಿಂಬಿ ಅಳುತ್ತಿದ್ದಳು. ಎದುರುಮನೆಯಾಕೆ, ರಂಗವ್ವನ ತಾಯಿ ತೀರಿಕೊಂಡ ಮೇಲೆ ದಿನಾ ಈ ಹುಡುಗಿಯ ತಲೆ ಬಾಚಿ ಸಾಲಿಗೆ ಕಳಿಸಿದವಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಂಗವ್ವ ಚೀಲ ಮುಟ್ಟಿಕೊಂಡಳು. ಆಗಲಾದರೂ ಬಾಯಿ ಬಿಡಬಾರದಿತ್ತೇ? ಛೀ! ಸುಮ್ಮನೆ ಒಳಗೆ ಸರಿದು, ಉಣ್ಣೆಯ ರಾಶಿಯಲ್ಲಿ ಲಾಳಿ ತುರುಕಿ, “ಅಪ್ಪಾ, ಇಲ್ಲೇ ಉಣ್ಣ್ಯಾಗ ಐತಲ್ಲೋ!” ಎಂದು ಕೂಗಿದಳು.

ಹುಲ್ಲಪ್ಪ ಒಳಗೆ ಬಂದು ಲಾಳಿ ಕೈಗೆತ್ತಿಕೊಂಡ. ಅದಕ್ಕೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಒಂದು ಸಲ ಮಗಳ ಮುಖ ನೋಡಿದ. ಪುಡಿಯನ್ನು ಧೋತರದ ಚುಂಗಿನಿಂದ ಒರೆಸಿ ಹೊರಗೆ ಹೋದ.

“ನಾನ ಇಟ್ಟು ಮರತಿದ್ದೆ. ಕಾಸಿಂಬಿ, ತಪ್ಪಾತ ನಮ್ಮವ್ವಾ,” ಎಂದು ಎಲ್ಲರೆದುರು ಕೈಮುಗಿದ.

ಮಂದಿ ಚದುರಿದರು. ಹುಲ್ಲಪ್ಪ ಒಳಬಂದು ಕುಡುಗೋಲು ತೆಗೆದುಕೊಂಡು, ಅರ್ಧಕ್ಕಿಂತ ಹೆಚ್ಚು ನೇಯ್ದಿದ್ದ ಕಂಬಳಿಯನ್ನು ಮಗ್ಗದಿಂದ ಕೊಯ್ದು ಹಾಕಿದ.

“ಅಪ್ಪಾ! ಅಮಾಸಿ ಬಂತಲ್ಲೋ!”

“ಸುಳ್ಳಾಡಿದ ಮ್ಯಾಲ ದೇವರದ್ದು ಹ್ಯಾಂಗ ನೇಯಲಿ? ಬರಿಗೈಲೆ ಹೋಗಿ ನಿಲ್ತೇನಿ.”

“ಒಯ್ದಾಕಿ ನಾನ, ಅಪ್ಪಾ.”

“ನನಗ್ಯಾಕ ಹೇಳ್ತಿ? ಅಕಿಗೆ ಹೇಳು.”

ಅಂಗಳ ದಾಟುವುದು ರಂಗವ್ವನಿಗೆ ಗುಡ್ಡ ಹತ್ತಿದಂತಾಯಿತು. ಸಾಹೇಬರ ಮುಂದೆ ಅಷ್ಟು ಮಾತಾಡಿದವಳು ಎದುರುಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕಾಸಿಂಬಿಯೇ ಎದ್ದು ಬಂದಳು.

“ಬಾ ನನ ಮಗಳ! ನೀ ಹುಡುಕಿ ಕೊಡಲಿಲ್ಲಂದ್ರ ಸಾಯೂತನಕ ನನಗ ಕಳ್ಳಿ ಅಂತಿದ್ರು,” ಎಂದು ಬಾಯಿಗೆ ಬೆಲ್ಲದ ಚೂರು ಇಟ್ಟು, ತಲೆ ಸವರಿದಳು.

ಬೆಲ್ಲ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

“ಕದ್ದಾಕಿ ನಾನ, ಚಿಗವ್ವಾ,” ಅಂದಳು ರಂಗವ್ವ.

ತಲೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು.