ಗಾಜಿನ ಬೀರುವಿಗೆ ಒಲ್ಲೆನೆಂದ ಕೋವಿ

ನಾನೊಂದು ಬೋಲ್ಟ್ ಕೋವಿ. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಹುಟ್ಟಿದೆ. ಬೋಲ್ಟನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಒಂದು ಗುಂಡು. ಇನ್ನೊಂದು ಬೇಕಾದರೆ ಮತ್ತೆ ಎಳೆಯಬೇಕು. ಅವಸರದವರ ಕೋವಿ ನಾನಲ್ಲ. ನನ್ನ ಟ್ರಿಗರ್ ಕೂಡ ಹಾಗೆಯೇ. ಮೊದಲು ಸಡಿಲವಾಗಿ ಹಿಂದೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಬಲವಾಗಿ ಒತ್ತಿದರೆ ಮಾತ್ರ ಗುಂಡು ಹಾರುತ್ತಿತ್ತು. ಜನ ಅದನ್ನು ಮೊಂಡುತನ ಎಂದರು. ಎನ್ನಲಿ.

ನನ್ನನ್ನು ಕೊಡಗಿಗೆ ತಂದವರು ಸುಬೇದಾರ್ ಬೆಳ್ಯಪ್ಪ. ಅವರ ನಂತರ ಮಗ ಪೂವಯ್ಯನ ಕೈಗೆ ಬಂದೆ. ಪೂವಯ್ಯನಿಗೆ ಮೀಸೆಯಿತ್ತು, ಗುರಿಯಿರಲಿಲ್ಲ. ಗುರಿಯಿದ್ದದ್ದು ಅವನ ಹೆಂಡತಿ ದೇಚವ್ವನಿಗೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ಹೂ ಮುಡಿಸಿ ಪೂಜೆ ಮಾಡಿದ ಮೇಲೆ, ಮೈದಾನದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಪೂವಯ್ಯ ತೀರಿಕೊಂಡ ಮೇಲೂ ನಾನೂ ದೇಚವ್ವನೂ ಅಲ್ಲಿ ಎಷ್ಟೋ ಮೀಸೆಗಳನ್ನು ಇಳಿಸಿದ್ದೇವೆ.

ಎಪ್ಪತ್ತು ದಾಟಿದಾಗ ದೇಚವ್ವನ ಬೆರಳ ಗೆಣ್ಣುಗಳು ಊದಿಕೊಂಡವು. ಒಂದು ಹಬ್ಬದಲ್ಲಿ ನನ್ನ ಟ್ರಿಗರ್ ಒತ್ತಲಾಗದೆ, ಗುಂಡು ಹಾರಿಸದೆಯೇ ಮನೆಗೆ ಬಂದರು. ಅಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮೈದುನನ ಮಗ ಉತ್ತಯ್ಯ ನನಗೆಂದು ಗಾಜಿನ ಬೀರು ಮಾಡಿಸಿದ.

"ಬಲ್ಯವ್ವ, ಸಾಕಲ್ಲ ಇನ್ನು? ಇದನ್ನು ಜಗಲಿಯಲ್ಲಿ ಚಂದಕ್ಕೆ ಇಡುವ," ಎಂದ ದೊಡ್ಡಮ್ಮನಿಗೆ.

"ಮೊದಲು ನಿನ್ನನ್ನು ಇಡ್ತೇನೆ ಅದರೊಳಗೆ! ಬರುವ ಹಬ್ಬಕ್ಕೆ ಕಾಯಿ ಒಡೀದಿದ್ರೆ ಬೀಗ ನೀನೇ ಹಾಕು," ಎಂದರು ದೇಚವ್ವ.

ವಿರಾಜಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಗಣಪಾಚಾರಿ ನನ್ನ ಹಳೆಯ ಟ್ರಿಗರ್ ಬಿಚ್ಚಿ, ಬೇರೆ ಕಂಪನಿಯ ಹಗುರ ಟ್ರಿಗರ್ ಕೂರಿಸಿದರು. ಹೊಟ್ಟೆಯೊಳಗೆ ಗುರುತಿಲ್ಲದವರು ಬಂದು ಕೂತ ಹಾಗಾಯಿತು.

"ಇದಕ್ಕೆ ಆ ಸಡಿಲ ಎಳೆತ ಇಲ್ಲಮ್ಮ. ಮುಟ್ಟಿದ್ರೆ ಗುಂಡು ಹೋಯ್ತು," ಎಂದು ಎರಡೆರಡು ಸಲ ಹೇಳಿದರು. ದೇಚವ್ವ ತಲೆಯಾಡಿಸಿದರು. ಆದರೆ ನಲವತ್ತು ವರ್ಷ ಪಳಗಿದ ಬೆರಳು ಕೇಳಬೇಕಲ್ಲ?

ಪಂದ್ಯದಲ್ಲಿ ಒಬ್ಬರಿಗೆ ಮೂರು ಗುಂಡು. ನನ್ನನ್ನು ಹೆಗಲಿಗೇರಿಸಿದರು. ಗುರಿ ಕೂಡುವ ಮೊದಲೇ ಬೆರಳು ಹಳೆಯ ರೂಢಿಯಂತೆ ಆ ಸಡಿಲವನ್ನು ಎಳೆಯಲು ಹೋಯಿತು. ಢಂ! ಗುಂಡು ಮರದ ಹಿಂದಿನ ಮಣ್ಣಿನ ದಿಬ್ಬಕ್ಕೆ. ಎರಡನೆಯದೂ ಅಲ್ಲಿಗೇ. ಯಾರೋ ಕಿಸಕ್ಕನೆ ನಕ್ಕರು. ಉತ್ತಯ್ಯ ಸಮಾಧಾನ ಹೇಳುವವನ ಮುಖ ಮಾಡಿಕೊಂಡು ಮುಂದೆ ಬಂದ. ಹೊಸ ಟ್ರಿಗರನ್ನು ನಾನು ಬಾಯಿಗೆ ಬಂದಂತೆ ಬೈದೆ. ಪಾಪ, ಅದರ ತಪ್ಪೇನೂ ಇರಲಿಲ್ಲ.

"ಅಲ್ಲೇ ನಿಲ್ಲು," ಎಂದರು ದೇಚವ್ವ. ಬೆರಳನ್ನು ಟ್ರಿಗರಿನಿಂದ ಪೂರ್ತಿ ತೆಗೆದು, ನನ್ನ ಮರದ ಮೈಮೇಲೆ ನೀಳವಾಗಿ ಚಾಚಿದರು. "ಕಲಿಯೋ ವಯಸ್ಸು ಇನ್ನೂ ಉಂಟು ನಮಗೆ," ಎಂದು ನನಗಷ್ಟೇ ಕೇಳುವಂತೆ ಗೊಣಗಿದರು. ಗುರಿ ಹಿಡಿದರು. ಉಸಿರು ಬಿಗಿಹಿಡಿದರು. ಎಲ್ಲ ಕೂಡಿಬಂದ ಮೇಲೆ ಬೆರಳನ್ನು ತಂದು ಮುಟ್ಟಿದರು.

ಕಾಯಿ ಒಡೆದು ನೀರು ಚಿಮ್ಮಿತು.

ಈಗ ನನ್ನ ಉಕ್ಕಿನ ಬಣ್ಣ ಮಾಸಿದೆ. ದೇಚವ್ವನ ಕೋಣೆಯ ಮೂಲೆಯಲ್ಲಿ ಒರಗಿಕೊಂಡಿದ್ದೇನೆ. ಹಳೆಯ ಟ್ರಿಗರ್ ಅವರ ಎಲೆಯಡಿಕೆ ಡಬ್ಬಿಯಲ್ಲಿದೆ. ಹೊಸದನ್ನು ಹೊಟ್ಟೆಯಲ್ಲಿಟ್ಟುಕೊಂಡೆ ಎಂದು ನನಗೆ ನಾಚಿಕೆಯಿಲ್ಲ. ಮುಂದಿನ ಹಬ್ಬಕ್ಕೂ ನಾವು ಹೋಗುತ್ತೇವೆ, ಯಾರು ಏನೇ ಅನ್ನಲಿ.

ಗಾಜಿನ ಬೀರು ಜಗಲಿಯಲ್ಲೇ ಇದೆ. ದೇಚವ್ವ ಅದರ ತುಂಬ ಹಂದಿಮಾಂಸದ ಉಪ್ಪಿನಕಾಯಿ ಭರಣಿಗಳನ್ನು ಜೋಡಿಸಿ, ಬೀಗ ಹಾಕಲು ಉತ್ತಯ್ಯನನ್ನೇ ಕರೆದರು.