ಯಾವ ಕಡ್ಲೆ?

ನನ್ನ ಮಗಳಿಗೆ ಮನೆಯಲ್ಲಿ ಅಮಲ್ದಾರಮ್ಮ ಅಂತ ಹೆಸರು. ಇಟ್ಟವರು ಅವಳಪ್ಪ. ಏಳು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲು ಬಿದ್ದುಹೋಗಿವೆ, ಆದರೂ ತಟ್ಟೆಯ ಮುಂದೆ ಕೂತರೆ ತನಿಖೆಗೆ ಬಂದ ಅಧಿಕಾರಿಯ ಗತ್ತು. ಯಾರು ಏನು ಕೊಟ್ಟರೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಇದರಲ್ಲಿ ಏನೇನಿದೆ?" ಅಂತ ಕೇಳಿಯೇ ಕೇಳುತ್ತಾಳೆ. ಕೆಳಗಿನ ಮನೆಯ ಮುದುಕಪ್ಪ ಚಾಕೊಲೇಟ್ ಕೊಟ್ಟರೂ ಅಷ್ಟೇ, ಶಾಲೆಯ ಹೆಡ್ ಮೇಡಂ ಕೇಕ್ ಕೊಟ್ಟರೂ ಅಷ್ಟೇ. ಕೆಲವರು ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ. ಅವರ ಮುಖ ಊದಿದರೆ ಸಂಜೆಯೊಳಗೆ ತಾನೇ ಇಳಿಯುತ್ತದೆ, ನನ್ನ ಮಗಳ ಮುಖ ಊದಿದರೆ ಆಂಬುಲೆನ್ಸ್ ಬರಬೇಕು.

ಅವಳಿಗೆ ಕಡಲೆಕಾಯಿ ಆಗುವುದಿಲ್ಲ. ಆಗುವುದಿಲ್ಲ ಅಂದರೆ ತಿಂದು ಹೊಟ್ಟೆ ಕೆಡುವುದಲ್ಲ, ಉಸಿರೇ ನಿಲ್ಲುವುದು. ಈ ದೇಶಕ್ಕೆ ಬಂದ ಹೊಸತರಲ್ಲಿ, ಇನ್ನೂ ಅಂಬೆಗಾಲು ಬಿಟ್ಟು ನಡೆಯಲು ಕಲಿಯುತ್ತಿದ್ದ ಮಗು, ಯಾರೋ ಕೊಟ್ಟ ಅರ್ಧ ಬಿಸ್ಕತ್ತು ತಿಂದು ನನ್ನ ತೋಳಲ್ಲೇ ನೀಲಿಗಟ್ಟಿತು. ಇಲ್ಲಿನ ಭಾಷೆಯಲ್ಲಿ ನನಗಾಗ ಬರುತ್ತಿದ್ದುದು 'ನಮಸ್ಕಾರ', 'ಎಷ್ಟು', 'ಬೇಡ' ಅಷ್ಟೇ. ಆಸ್ಪತ್ರೆಯ ಬಾಗಿಲಲ್ಲಿ ನಾನು ಕನ್ನಡದಲ್ಲೇ ಕೂಗಿದೆ. ಅರ್ಥವಾಯಿತು ಅವರಿಗೆ. ಅಂಥ ಕೂಗಿಗೆ ಅನುವಾದ ಬೇಕಾಗುವುದಿಲ್ಲ. ಅವತ್ತಿನಿಂದ ಅವಳ ಸೊಂಟಕ್ಕೊಂದು ಪುಟ್ಟ ಚೀಲ, ಚೀಲದಲ್ಲಿ ಪೆನ್ನಿನಂಥ ಔಷಧದ ಸೂಜಿ. ಮತ್ತೆ ಹಾಗೇನಾದರೂ ಆದರೆ ಅದನ್ನು ತೊಡೆಗೆ ಒತ್ತಿ ಹಿಡಿದು ಆಂಬುಲೆನ್ಸಿಗೆ ಫೋನ್ ಮಾಡಬೇಕು.

ನಾನು ಕೆಲಸ ಮಾಡುವುದು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ. ದಿನವಿಡೀ ಯಾರದೋ ಬಾಯಿಯ ಅಚ್ಚು ಕೈಯಲ್ಲಿ ಹಿಡಿದು, ಗುಲಾಬಿ ಬಣ್ಣದ ಒಸಡಿಗೆ ಒಂದೊಂದೇ ಹಲ್ಲು ಕೂರಿಸುತ್ತೇನೆ. ಅಲ್ಲಿನ ದ್ರಾವಣದ ಘಾಟಿಗೆ ನನ್ನ ಮೂಗು ಎಂದೋ ರಾಜೀನಾಮೆ ಕೊಟ್ಟಿದೆ. ಒಲೆ ಮೇಲೆ ಹಾಲು ಸೀದರೂ ನನಗೆ ಗೊತ್ತಾಗುವುದು ಮಗಳು ಕೂಗಿದ ಮೇಲೆ. ಊರವರ ಬಾಯಿಗೆಲ್ಲ ಹಲ್ಲು ಕಟ್ಟುವವಳು ನಾನು, ಆದರೆ ನನ್ನ ನಿಜವಾದ ಉದ್ಯೋಗ ಒಂದು ಬಾಯಿಯ ಕಾವಲು. ಹುಟ್ಟುಹಬ್ಬಕ್ಕೆ ಕರೆದರೆ ನಾನೂ ಹೋಗಿ ಗೋಡೆಗೊರಗಿ ಕೂರುತ್ತೇನೆ. ಮಕ್ಕಳ ತಾಯಂದಿರಿಗೆ ನಾನೊಬ್ಬಳು ದೊಡ್ಡ ತಲೆನೋವು ಅಂತ ಗೊತ್ತು. ಇರಲಿ, ತಲೆನೋವಿಗೆ ಮಾತ್ರೆ ಸಿಗುತ್ತದೆ.

ಇಷ್ಟರ ಮಧ್ಯೆ ನನಗೊಂದು ಗರ್ವವಿತ್ತು. ಅಮಲ್ದಾರಮ್ಮ ಕೇಳದೆ ತಿನ್ನುವುದು ಒಬ್ಬಳ ಕೈಯಿಂದ ಮಾತ್ರ. ಅಪ್ಪ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಟ್ಟರೂ ಡಬ್ಬ ತಿರುಗಿಸಿ ನೋಡುವವಳು, ನಾನು ಕೊಟ್ಟರೆ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದಳು. ಅವಳಪ್ಪನಿಗೆ ಹೊಟ್ಟೆಕಿಚ್ಚು. ನಾನು ಅದನ್ನು ಆರಲು ಬಿಡುತ್ತಿರಲಿಲ್ಲ.

ಆ ವಸಂತದಲ್ಲಿ ಶಾಲೆಯವರು ಮಕ್ಕಳನ್ನು ಕಾಡಿನಂಚಿನ ಒಂದು ಶಿಬಿರಕ್ಕೆ ಕರೆದೊಯ್ಯುವುದೆಂದಾಯಿತು. ಒಂದು ರಾತ್ರಿ ಅಲ್ಲೇ ಮಲಗುವುದು, ಅಲ್ಲಿನ ಅಡುಗೆಯವರು ಮಾಡಿದ್ದನ್ನೇ ಉಣ್ಣುವುದು. ಟೀಚರಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದರು. ಅವರೇನೂ ಕೆಟ್ಟವರಲ್ಲ, ಸೂಜಿ ಹಾಕುವುದನ್ನು ನನ್ನಿಂದಲೇ ಕಲಿತವರು.

"ಅಡುಗೆಯವರಿಗೆ ನಾನು ಹೇಳ್ತೀನಿ. ಆದ್ರೆ ಅಷ್ಟು ಮಕ್ಕಳ ಮಧ್ಯೆ ನನ್ನ ಕಣ್ಣು ಒಂದು ಕ್ಷಣ ಆಚೆ ಹೋದ್ರೆ, ಅವಳು ತನ್ನನ್ನ ತಾನು ನೋಡ್ಕೋತಾಳಾ? ನೀವು ಹ್ಞೂಂ ಅಂದ್ರೆ ಕರ್ಕೊಂಡು ಹೋಗ್ತೀನಿ."

"ನಾನೂ ಬರ್ತೀನಿ," ಅಂದೆ. "ಮೂಲೇಲಿ ಮಲಗ್ತೀನಿ. ಯಾರಿಗೂ ತೊಂದರೆ ಕೊಡಲ್ಲ."

ಮಗಳು ನನ್ನ ಕೈ ಬಿಟ್ಟಳು. ಮನೆಗೆ ಬರುವ ದಾರಿಯುದ್ದಕ್ಕೂ ಫುಟ್‌ಪಾತಿನ ಅಂಚಿನ ಮೇಲೇ ನಡೆದಳು. ಮೆಟ್ಟಿಲು ಹತ್ತುವಾಗ ಬಾಯಿ ಬಿಟ್ಟಳು: "ಅಮ್ಮ ಬರೋದಾದ್ರೆ ನಾನು ಹೋಗಲ್ಲ. ಯಾರ ಅಮ್ಮನೂ ಬರ್ತಿಲ್ಲ. ನಾನು ಕೇಳ್ತೀನಲ್ಲ? ಯಾವಾಗ್ಲೂ ಕೇಳ್ತೀನಲ್ಲ?"

"ಕೇಳಿದ್ರೆ ಸಾಲದು ಕಣೇ. ಹೇಳೋರು ಸರಿಯಾಗಿ ಹೇಳ್ಬೇಕಲ್ಲ."

ಟೀಚರಮ್ಮನಿಗೆ ಆ ವಾರದೊಳಗೆ ಹೇಳಬೇಕಿತ್ತು, ನಾನು ಮನಸ್ಸಿನಲ್ಲೇ 'ಇಲ್ಲ' ಅಂತ ಹೇಳಿಯಾಗಿತ್ತು.

ಅದೇ ವಾರ ನಮ್ಮತ್ತೆ ಬಂದಿಳಿದರು. ಮೊಮ್ಮಗಳನ್ನು ಇಷ್ಟು ವರ್ಷ ಫೋನಿನ ಗಾಜಿನಲ್ಲೇ ಮುದ್ದಿಸಿದವರು. ವಿಮಾನದಲ್ಲಿ ಕಾಲು ಊದಿದ್ದರೂ ಸೂಟ್‌ಕೇಸಿನ ಹಿಡಿಕೆ ಮಗನಿಗೆ ಕೊಡದೆ ತಾವೇ ಎಳೆದುಕೊಂಡು ಬಂದರು. ನಮ್ಮತ್ತೆಯ ಬಗ್ಗೆ ಚಾಡಿ ಹೇಳಲು ನನಗೆ ವಿಷಯಕ್ಕೇನೂ ಬರವಿಲ್ಲ, ಆದರೆ ಒಂದು ಮಾತು ಒಪ್ಪಬೇಕು: ಮೊಮ್ಮಗಳ ಕಾಯಿಲೆಯನ್ನು ಅವರು 'ನಿಮ್ಮ ಕಾಲದ ಚೋದ್ಯ' ಅಂತ ತಳ್ಳಿಹಾಕಿದವರಲ್ಲ. ನನ್ನ ತವರಿನವರೇ "ಸ್ವಲ್ಪ ಸ್ವಲ್ಪ ತಿನ್ನಿಸಿ ಅಭ್ಯಾಸ ಮಾಡ್ಸು" ಅಂದಾಗ, ಫೋನಿನಲ್ಲಿ "ಮಗು ಜೀವಕ್ಕಿಂತ ನಾಲಿಗೆ ದೊಡ್ಡದಾ?" ಅಂದವರು ಇವರೊಬ್ಬರೇ.

ನನ್ನ ಗಂಡ ಲಿಫ್ಟ್ ರಿಪೇರಿ ಮೆಕ್ಯಾನಿಕ್. ತಾಯಿಯನ್ನು ಮನೆ ಮುಟ್ಟಿಸಿದ್ದೇ ತಡ, ಎಲ್ಲೋ ಲಿಫ್ಟ್ ನಡುವೆ ನಿಂತಿದೆ ಅಂತ ಫೋನ್ ಬಂದು ಓಡಿದರು. ಮನೆಯಲ್ಲಿ ಉಳಿದವರು ಮೂರು ಹೆಂಗಸರು. ಅತ್ತೆ ಸ್ನಾನ ಮುಗಿಸಿ, ಸೀರೆಯ ಮೇಲೆ ಮಗನ ಸ್ವೆಟರ್ ಏರಿಸಿ, ನೇರವಾಗಿ ಅಡುಗೆಮನೆಗೆ ಬಂದರು.

"ಇವತ್ತು ಮಗೂಗೆ ನಾನೇ ಉಣ್ಣಿಸ್ತೀನಿ. ಅವಳಿಗೋಸ್ಕರ ಬೇರೆ ಪುಡಿ ಮಾಡ್ಕೊಂಡು ಬಂದಿದೀನಿ."

ಬಿಸಿ ಅನ್ನ, ತುಪ್ಪ, ಮೇಲೆ ಕೆಂಪನೆಯ ಪುಡಿ. ಕಲಸಿ, ತುತ್ತು ಮಾಡಿ, ಅಂಗೈಯಲ್ಲಿ ಹಿಡಿದರು. ಅಮಲ್ದಾರಮ್ಮನ ಎರಡೂ ಕೈ ಬೆನ್ನ ಹಿಂದೆ ಹೋದವು.

"ಅಜ್ಜಿ, ಇದರಲ್ಲಿ ಏನೇನಿದೆ?"

ಅತ್ತೆ ನಕ್ಕರು. "ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಕೊಬ್ಬರಿ, ಒಂದಿಷ್ಟು ಹುಣಸೆಹಣ್ಣು. ಕಡ್ಲೆ ಮಾತ್ರ, ನನ್ನ ತಾಯೀ, ಒಂದು ಕಾಳೂ ಹಾಕಿಲ್ಲ. ಮಿಕ್ಸಿ ಜಾರು ಸಮೇತ ಹೊಸದು ತಗೊಂಡೆ."

ನನ್ನ ಎದೆ ತುಂಬಿಬಂತು. ಹೊಸ ಜಾರು! ಇಷ್ಟು ಎಚ್ಚರ ನಮ್ಮಮ್ಮನಿಗೂ ಇರಲಿಲ್ಲ. ಆದರೆ ಮಗಳು ಬಾಯಿ ತೆರೆಯಲಿಲ್ಲ.

"ಮತ್ತೆ ಅದರ ಬದಲು?"

"ಬದಲು ಬೇರೆ ಹಾಕಿದೀನಿ. ಇನ್ನೂ ರುಚಿ ಬಂದಿದೆ. ಆ ಅನ್ನು."

"ಬೇರೆ ಅಂದ್ರೆ ಏನು?"

ನನಗೆ ರೇಗಿತು. ಸಮುದ್ರ ದಾಟಿ ಬಂದ ಜೀವ, ತುತ್ತು ಹಿಡಿದ ಕೈ ಗಾಳಿಯಲ್ಲೇ ನಿಂತಿದೆ, ಇವಳು ಅಡ್ಡಪ್ರಶ್ನೆ ಹಾಕುತ್ತಿದ್ದಾಳೆ. "ಸಾಕು ಮಾಡೇ ನಿನ್ನ ವಿಚಾರಣೆ. ಅಜ್ಜಿ ಹೇಳಿದ್ರಲ್ಲ ಕಡ್ಲೆ ಇಲ್ಲ ಅಂತ? ನಾನು ಹೇಳ್ತಿದೀನಿ, ತಿನ್ನು."

ನನ್ನ ಮಾತು ಎಂದೂ ಮೀರದವಳು ಅವತ್ತು ಬಾಯಿಗೆ ಅಂಗೈ ಅಡ್ಡ ಹಿಡಿದಳು. ಬೆರಳ ಸಂದಿಯಿಂದಲೇ ಮಾತಾಡಿದಳು. "ಹೆಸರು ಬೇಡ. ತೋರಿಸು."

ಅತ್ತೆ ತುತ್ತನ್ನು ತಟ್ಟೆಗಿಟ್ಟು, ಮುಗುಳ್ನಗುತ್ತಲೇ ಎದ್ದರು. "ಆಯ್ತು ಬಿಡು, ಸಾಹೇಬರಿಗೆ ತೋರ್ಸೋಣ. ಇನ್ನೊಂದು ಸಲ ಮಾಡೋಕೆ ಅಂತ ಉಳಿದಿದ್ದೂ ತಂದಿದೀನಿ." ಸೂಟ್‌ಕೇಸಿನ ತಳದಿಂದ ಒಂದು ಗಂಟು ತಂದು, ಮೇಜಿನ ಮೇಲೆ ಬಿಚ್ಚಿದರು. ತಿಳಿಗುಲಾಬಿ ಸಿಪ್ಪೆಯ, ದುಂಡು ದುಂಡು ಬೀಜ.

ಮಗಳ ಕುರ್ಚಿ ಕಿರ್ರೆಂದು ಹಿಂದಕ್ಕೆ ಸರಿಯಿತು. ಅಳಲಿಲ್ಲ, ಕಿರುಚಲಿಲ್ಲ. ಎರಡೂ ಕೈ ಮೇಲೆತ್ತಿಕೊಂಡು, ಗೋಡೆಗೆ ಬೆನ್ನು ಹಚ್ಚಿ ನಿಂತು, ಸ್ಪಷ್ಟವಾಗಿ ಹೇಳಿದಳು: "ಅಮ್ಮ. ಇದೇ ಅದು."

ಕಡಲೆಕಾಯಿ ಬೀಜ.

ನನ್ನ ಕೈ ತಾನಾಗಿಯೇ ಕೆಲಸಕ್ಕಿಳಿಯಿತು. ತಟ್ಟೆ, ಗಂಟು, ಪುಡಿಯ ಡಬ್ಬ ಎಲ್ಲ ಚೀಲದೊಳಗೆ, ಚೀಲ ಬಾಗಿಲಾಚೆ. ಮೇಜು ಒರೆಸಿದೆ, ಮತ್ತೆ ಒರೆಸಿದೆ. ಮಗಳ ಮುಖ, ತುಟಿ, ನಾಲಿಗೆ ನೋಡಿದೆ. ಏನೂ ಆಗಿರಲಿಲ್ಲ. ಒಂದು ಅಗುಳೂ ಒಳಗೆ ಹೋಗಿರಲಿಲ್ಲ. ಆಮೇಲೆ ನನ್ನ ಸಿಟ್ಟು ನೆತ್ತಿಗೇರಿತು.

"ಏನತ್ತೆ ಇದು? ಕಡ್ಲೆ ಆಗಲ್ಲ ಅಂತ ಬಡ್ಕೊಂಡಿದೀನಲ್ಲ ನಾನು?"

ಕೈ ತೊಳೆದು ಬಂದು ನಿಂತಿದ್ದ ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ. "ಇದು ಕಡ್ಲೆ ಅಲ್ವಲ್ಲಮ್ಮ. ಇದು ಶೇಂಗಾ. ನೀನು ಕಡ್ಲೆ ಅಂದಿದ್ದೆ. ಅದಕ್ಕೇ ಕಡ್ಲೆ ತೆಗೆದು ಶೇಂಗಾ ಹಾಕಿದೆ."

ಆಗ ನನಗೆ ಹೊಳೆಯಿತು. ನಮ್ಮ ತವರಿನ ಕಡೆ ಅದು ಕಡಲೆಕಾಯಿ. ಮಾತಿನ ಅವಸರದಲ್ಲಿ ಕಾಯಿ ಉದುರಿಹೋಗಿ ಬರೀ ಕಡ್ಲೆ ಉಳಿಯುತ್ತದೆ, ಅದರ ಎಣ್ಣೆಗೂ ಕಡ್ಲೆ ಎಣ್ಣೆ ಅಂತಲೇ ಅನ್ನುತ್ತೇವೆ. ಅತ್ತೆಯ ಕಡೆ ಕಡ್ಲೆ ಅಂದರೆ ಬೇಳೆ ಮಾಡುವ ಕಡ್ಲೆ, ಹಿಟ್ಟಿನ ಕಡ್ಲೆ, ಹುರಿಗಡಲೆ. ಇದು ಅವರಿಗೆ ಶೇಂಗಾ. ಮದುವೆಯಾಗಿ ಬಂದವಳಿಗೆ ನನಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ, ಅವರ ಜೊತೆ ಫೋನಿನಲ್ಲಿ ಆ ಬೀಜದ ಹೆಸರೆತ್ತಿದಾಗಲೆಲ್ಲ ನಾಲಿಗೆ ತವರಿಗೇ ಓಡುತ್ತಿತ್ತು. ಅವರ ಮಗನಂತೂ ಊಟದ ಮಾತೆಲ್ಲ ಹೆಂಡತಿಗೆ ವಹಿಸಿ ಕೈ ತೊಳೆದುಕೊಂಡವರು.

"ನೀನು ಹೇಳಿದಾಗಿನಿಂದ ನಾನೂ ಕಡ್ಲೆ ಬಿಟ್ಟಿದೀನಿ," ಅಂದರು ಅತ್ತೆ. "ಮಗು ತಿನ್ನಲ್ಲ ಅಂದ್ಮೇಲೆ ನನಗ್ಯಾಕೆ ಅಂತ. ಕಡ್ಲೆಬೇಳೆ, ಕಡ್ಲೆಹಿಟ್ಟು, ಎಲ್ಲಾ. ನೆಂಟರ ಮನೇಲೂ ಮುಟ್ಟಲಿಲ್ಲ."

ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಕಡ್ಲೆಬೇಳೆಯ ದೊಡ್ಡ ಡಬ್ಬವೇ ಇತ್ತು. ಅದರ ಅಡುಗೆಯನ್ನು ಮೊಮ್ಮಗಳು ವಾರಕ್ಕೊಮ್ಮೆ ಬೆರಳು ನೆಕ್ಕಿಕೊಂಡು ತಿನ್ನುತ್ತಾಳೆ. ಆ ಡಬ್ಬ ನೋಡಿ ಅತ್ತೆ ಸ್ಟೂಲಿನ ಮೇಲೆ ಕೂತುಬಿಟ್ಟರು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ, ನಗು ಬಂತು, ನಗುವಿನ ಹಿಂದೆಯೇ ಅಳು. ಅವರೂ ಅತ್ತರು. ಇಬ್ಬರೂ ಸೇರಿ ಅಡುಗೆಮನೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರೆ, ಅಮಲ್ದಾರಮ್ಮ ಬಂದು ಅಜ್ಜಿಯ ಸ್ವೆಟರಿನ ತೋಳು ಹಿಡಿದಳು.

"ಅಳಬೇಡ ಅಜ್ಜಿ. ಅದರ ಹೆಸರು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಶಾಲೇಲಿ ಒಂದು ಹೇಳ್ತಾರೆ, ಡಬ್ಬದ ಮೇಲೆ ಇನ್ನೊಂದು ಬರೀತಾರೆ, ಅಮ್ಮಂದೊಂದು, ಈಗ ನಿಂದೊಂದು. ಅದಕ್ಕೇ ನಾನು ಹೆಸರು ಕೇಳಿ ಸುಮ್ನಾಗಲ್ಲ. ನೋಡ್ತೀನಿ."

ಇದನ್ನು ಯಾರು ಕಲಿಸಿದರು ಅವಳಿಗೆ? ನಾನಲ್ಲ. ನಾನು ಕಲಿಸಿದ್ದು ಕೇಳುವುದನ್ನು. ಮೂರು ಭಾಷೆಗಳ ನಡುವೆ ಬೆಳೆಯುತ್ತಿರುವ ಹುಡುಗಿ, ಮಾತು ಎಲ್ಲಿ ಜಾರುತ್ತದೆ ಅಂತ ತಾನೇ ಕಂಡುಕೊಂಡಿದ್ದಳು. ನಾನು ಹೆತ್ತ ಕೂಸು ನನ್ನನ್ನೂ ಮೀರಿಸಿ ನಿಂತಿತ್ತು. ಅಡುಗೆಮನೆಯ ಮಧ್ಯೆ ಕಟ್ಟುಹಲ್ಲಿನ ಹುಡಿ ಮೆತ್ತಿದ ಅಂಗಿಯಲ್ಲೇ ನಾನು ಅವಳನ್ನು ಎತ್ತಿಕೊಂಡೆ. ಭಾರವಾಗಿದ್ದಾಳೆ ಈಗ, ಸೊಂಟ ಹಿಡಿಯಿತು, ಇಳಿಸಲಿಲ್ಲ.

ಗಂಡ ಬಂದಮೇಲೆ ಕಥೆ ಹೇಳಲು ನಾನೂ ಅತ್ತೆಯೂ ಪೈಪೋಟಿಗೆ ಬಿದ್ದೆವು. ಕೇಳಿ ಅವರು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೀಸೆ ತಿರುವಿ, "ಮತ್ತೆ, ಯಾರ ಮಗಳು?" ಅಂದರು.

"ಸುಮ್ನಿರಪ್ಪ," ಅಂದರು ಅತ್ತೆ. "ಅದು ನನ್ನ ಕಡೆಯಿಂದ ಬಂದಿದ್ದು. ಸಂತೇಲಿ ಬದನೆಕಾಯಿ ಸೀಳಿ ನೋಡದೆ ನಾನು ಯಾವತ್ತಾದ್ರೂ ತಂದಿದ್ದುಂಟಾ?"

ಮರುದಿನ ಟೀಚರಮ್ಮನಿಗೆ ಹೇಳಿದೆ. "ಅವಳೊಬ್ಬಳೇ ಬರ್ತಾಳೆ. ಅಡುಗೆಯವರಿಗೆ ಮೊದಲೇ ಹೇಳಿಡಿ, ಇವಳು ಡಬ್ಬ ತೆಗೆಸಿ ನೋಡ್ತಾಳೆ. ಬೇಜಾರು ಮಾಡ್ಕೋಬಾರದು." ಹೇಳುವಾಗ ನನ್ನ ಕತ್ತು ತಾನಾಗಿಯೇ ನೆಟ್ಟಗಾಗಿತ್ತು.

ಹೊರಡುವ ಬೆಳಿಗ್ಗೆ ಶಾಲೆಯ ಮುಂದೆ ಬಸ್ಸು ನಿಂತಿತ್ತು. ಮಕ್ಕಳು ತಮಗಿಂತ ದೊಡ್ಡ ಚೀಲ ಹೊತ್ತು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಲ್ಯಾಬಿಗೆ ತಡವಾಗಿ ಬರುತ್ತೇನೆಂದು ಹೇಳಿ ನಾನು ಬಂದಿದ್ದೆ, ಅತ್ತೆಯೂ ಸ್ವೆಟರ್ ಹಾಕಿಕೊಂಡು ಹಿಂದೆಯೇ ಬಂದಿದ್ದರು. ಸೊಂಟದ ಚೀಲ, ಚೀಲದಲ್ಲಿ ಸೂಜಿ, ಎಲ್ಲ ಸರಿಯಿತ್ತು. ದಾರಿಯಲ್ಲಿ ತಿನ್ನಲೆಂದು ಕಟ್ಟಿದ ಮಧ್ಯಾಹ್ನದ ಊಟದ ಡಬ್ಬವನ್ನು ಅವಳ ಮುಂದೆ ಹಿಡಿದೆ.

ಅವಳು ಡಬ್ಬ ತೆಗೆದುಕೊಳ್ಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ತಲೆಯೆತ್ತಿ ನನ್ನ ಮುಖ ನೋಡಿದಳು.

"ಅಮ್ಮ, ಇದರಲ್ಲಿ ಏನೇನಿದೆ?"

ಹುಟ್ಟಿದಾಗಿನಿಂದ ನನ್ನನ್ನು ಕೇಳಿದ್ದು ಅದೇ ಮೊದಲು. ಎದೆಯಲ್ಲಿ ಏನೋ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ನನ್ನ ಕಿರೀಟ ಅಲ್ಲೇ ಬಸ್ಸಿನ ಮುಂದೆ ಬಿತ್ತು. ಆದರೆ ಬಗ್ಗಿ ಎತ್ತಿಕೊಳ್ಳಬೇಕು ಅನ್ನಿಸಲಿಲ್ಲ. ನಾನಿಲ್ಲದ ಕಡೆ ಬದುಕಬೇಕಾದವಳು ನನ್ನನ್ನೂ ಕೇಳಬೇಕು. ನೆಟ್ಟಗೆ ನಿಂತು ಒಪ್ಪಿಸಿದೆ: "ಅನ್ನ, ತುಪ್ಪ, ಅಜ್ಜಿ ಹೊಸದಾಗಿ ಮಾಡಿದ ಪುಡಿ. ಪುಡೀಲಿ ಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಕೊಬ್ಬರಿ, ಹುಣಸೆಹಣ್ಣು, ಮತ್ತೆ ಕಡ್ಲೆ."

"ಯಾವ ಕಡ್ಲೆ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು. ಮನೆಯಿಂದ ಹೊರಟಾಗಿನಿಂದ ಸ್ವೆಟರಿನ ಜೇಬಿನಲ್ಲೇ ಇದ್ದ ಅವರ ಬಲಗೈ ಹೊರಗೆ ಬಂತು. ಬಾಗಿ, ಮೊಮ್ಮಗಳ ಮೂಗಿನ ಮುಂದೆ ಮುಷ್ಟಿ ಬಿಚ್ಚಿದರು. ಅಂಗೈ ತುಂಬ ಹುರಿಗಡಲೆ ಇತ್ತು, ಬೆವರಿಗೆ ಒಂದಕ್ಕೊಂದು ಅಂಟಿಕೊಂಡಿತ್ತು.

ಅಮಲ್ದಾರಮ್ಮ ಒಂದು ಕಾಳು ಎತ್ತಿ, ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡಳು.

"ಸರಿ," ಅಂದಳು. ಡಬ್ಬ ಇಸಿದುಕೊಂಡು ಬಸ್ ಹತ್ತಿದಳು.