ಮುಂಬಾಗಿಲು

"ಹಿತ್ತಲಿಗೆ ನಡೀರಿ, ಹಿತ್ತಲಿಗೆ! ಈ ಕಡೆ ತರಬ್ಯಾಡ್ರಿ!"

ಚಳ್ಳಕೆರೆಯ ಮನೆಯ ಮುಂಬಾಗಿಲಿಗೆ ಅಡ್ಡ ನಿಂತು ಸಿದ್ದಲಿಂಗೇಶ್ ಕೂಗಿದ. ಆಂಬುಲೆನ್ಸಿನಿಂದ ಅವನ ಅಕ್ಕ ವಾಣಿಶ್ರೀಯ ಹೆಣ ಇಳಿಸಿದ ನಾಲ್ವರು ಬೀದಿಯಲ್ಲೇ ನಿಂತರು. ಕೋಳಿಗಳ ವೈರಸ್ ರೋಗಗಳ ಸಂಶೋಧನೆಯಲ್ಲೇ ಆಯಸ್ಸು ಸವೆಸಿ, ನಿನ್ನೆ ಲ್ಯಾಬಿನಲ್ಲೇ ಎದೆ ಹಿಡಿದುಕೊಂಡು ಸತ್ತವಳು. ಸತ್ತ ಮೇಲೂ ಇವನಿಗೆ ಕೋಳಿ ವಾಸನೆ ಬರುತ್ತಿತ್ತಂತೆ. ಮೂಗು ನೋಡಿ ಇವನದು!

"ಯಾಕಪ್ಪಾ?" ಎಂದ ಹೆಣ ಹಿಡಿದಿದ್ದ ನೆರೆಮನೆಯ ಕ್ಯಾತಣ್ಣ.

"ಕೋಳಿ ಮುಟ್ಟೋಳು ಈ ಮನೇಗೆ ಯಾವತ್ತು ಮುಂದ್ಲಿಂದ ಬಂದವ್ಳೆ? ಸ್ವಾಮ್ಗಳು ಬರ್ತಾರೆ. ಇವಳ್ನ ನಡುಮನೇಲಿ ಕೂರ್ಸಕ್ಕಾಗಲ್ಲ."

ಮಾತಿನಲ್ಲಿ ಸುಳ್ಳಿರಲಿಲ್ಲ. ಜಗಲಿಯ ಮೇಲೆ ಕೂತಿದ್ದ ತಾಯಿ ಕೊಟ್ರಮ್ಮನಿಗೆ ಉರಿದದ್ದು ಅದಕ್ಕೇ.

* * *

ಹಿತ್ತಲಲ್ಲಿ ಬಿಸಿನೀರು ಇಡು ಎಂದವಳು ವಾಣಿಯೇ. ಎಷ್ಟೋ ವರ್ಷದ ಹಿಂದಿನ ಮಾತು, ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಹತ್ತಿರದ ಸಿದ್ದಾಪುರ ಹಳ್ಳಿಗೆ ಕೊಕ್ಕರೆ ರೋಗ ಬಂದು ಕೋಳಿಗಳು ಕತ್ತು ತಿರುಚಿಕೊಂಡು ಸಾಯುತ್ತಿದ್ದವು. ಅವನ್ನು ಪರೀಕ್ಷಿಸಿ ಆಗತಾನೇ ಬಂದಿದ್ದಳು.

"ಅವ್ವ, ಇದೇ ಬಟ್ಟೇಲಿ ನಾಳೆ ಬೇರೆ ಊರಿಗೆ ಹೋದ್ರೆ ರೋಗಾನ ನಾನೇ ಹೊತ್ಕಂಡು ಹೋದಂಗೆ. ಇಲ್ಲೇ ಸ್ನಾನ ಮಾಡಿ, ಬಟ್ಟೆ ಕುದ್ಸಿ ಒಳಗೆ ಬರ್ತೀನಿ."

ತಮ್ಮನ ತಲೆಗೆ ಹೋದದ್ದು ಸ್ನಾನ ಮಾಡಿ ಒಳಗೆ ಬರುತ್ತಾಳೆ ಎಂಬುದಷ್ಟೇ. "ನೋಡಿದ್ಯಾ, ಮೈಲಿಗೆ ಅಂತ ಅವಳೇ ಒಪ್ಕಂಡ್ಳು" ಎಂದ. ಆಮೇಲೆ ಕೋಳಿಯ ಮುಖ ನೋಡದ ದಿನವೂ, ಹಬ್ಬದ ದಿನವೂ ಅವಳಿಗೆ ಹಿತ್ತಲೇ ಗತಿ. ಲಸಿಕೆಯ ಕೆಲಸಕ್ಕೆ ಸನ್ಮಾನ ಮಾಡಿಸಿಕೊಂಡು ಬಂದ ದಿನವೂ ಶಾಲು ಹೊದ್ದು ಬಚ್ಚಲ ಪಕ್ಕದಿಂದಲೇ ಒಳಗೆ ಬಂದಳು. ಮನೆಯಲ್ಲಿ ಜಗಳ ಬೇಡವೆಂದು ಕೊಟ್ರಮ್ಮ ಬಾಯಿ ಬಿಡಲಿಲ್ಲ. ಥೂ, ಅದೂ ಒಂದು ನೆಮ್ಮದಿಯೇ!

* * *

ಕೊಟ್ರಮ್ಮ ಜಗಲಿಯಿಂದ ಎದ್ದಳು. "ಕ್ಯಾತಣ್ಣ, ಮುಂದ್ಲಿಂದ್ಲೇ ತಗಂಬಾ."

"ಅವ್ವ, ನಿಂಗೆ ತಿಳಿಯಲ್ಲ. ಸುಮ್ಕಿರು."

"ಸುಮ್ಕಿದ್ದಿದ್ಕೇ ಅಲ್ವೇನೋ ಇಷ್ಟಾಗಿದ್ದು! ರೋಗ ಹರಡಬಾರ್ದು ಅಂತ ಸ್ನಾನ ಮಾಡಿದ್ಲು ನನ್ ಮಗಳು. ನೀನು ಅವಳ್ನೇ ರೋಗ ಅಂದ್ಕಂಡೆ. ಸರಿಯೋ ಅತ್ಲಾಗೆ!"

ಅವನು ಸರಿಯಲಿಲ್ಲ. ಮುದುಕಿ ಎರಡೂ ಕೈಯಿಂದ ಅವನ ಎದೆಗೆ ನೂಕಿದಳು. ಅವನು ತಡಬಡಿಸಿ ಮೆಟ್ಟಿಲಿಳಿದ. ಕ್ಯಾತಣ್ಣ ಉಳಿದ ಮೂವರ ಜೊತೆ ಹೆಣವನ್ನು ಒಳಗೆ ಒಯ್ದೇಬಿಟ್ಟ.

ವಾಣಿಯನ್ನು ನಡುಮನೆಯ ಗೋಡೆಗೆ ಆನಿಸಿ ಕೂರಿಸಿದರು, ಹಣೆಗೆ ವಿಭೂತಿ ಹಚ್ಚಿದರು. ಕೋಳಿ ಸಾಕುವ ಸಿದ್ದಾಪುರದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ಅವಳ ಪಾದ ಮುಟ್ಟಿ ಅತ್ತರು. ಸ್ವಾಮಿಗಳೂ ಬಂದರು. ಯಾರಿಗೂ ಏನೂ ಆಗಲಿಲ್ಲ.

ಆಗ ಕೊಟ್ರಮ್ಮ ಹೊಸ್ತಿಲ ಮೇಲೆ ಕೂತು, ಬಾಗಿಲ ತುಂಬ ಕಾಲು ಚಾಚಿದಳು.

"ದಾರಿ ಬಿಡವ್ವ. ಸ್ವಾಮ್ಗಳು ಕರೀತಾವ್ರೆ," ಎಂದ ಇನ್ನೂ ಬೀದಿಯಲ್ಲೇ ನಿಂತಿದ್ದ ಮಗ.

"ಹಿತ್ತಲೈತಲ್ಲ."

ಬೀದಿಯೆಲ್ಲ ನೋಡುತ್ತಿತ್ತು. ಸಿದ್ದಲಿಂಗೇಶ್ ಮಡಿಪಂಚೆಯನ್ನು ಮೊಣಕಾಲಿಗೆ ಎತ್ತಿ ಹಿಡಿದು, ಬಚ್ಚಲ ನೀರು ತುಳಿಯುತ್ತ ಮನೆಯ ಹಿಂದಕ್ಕೆ ಹೋದ.